ಮೂರನೆಯವಳು ಬಂದಾಗ ಎದ್ದವಳು ಯಾರು?

ಬಣ್ಣ ಹಚ್ಚದೆ ಮಂಗಗಳ ಗುರುತು ಹಿಡಿಯಲು ಆಗುವುದೇ ಇಲ್ಲ ಅಂತ ಗೋವಾದ ಪೋಂಡಾದ ನಮ್ಮ ಕನ್ನಡ ಗೆಳೆಯರೆಲ್ಲ ಹೇಳಿದ್ದರು. ನಾನು ಹಿಡಿದೆ. ಗೇರು ತೋಟಕ್ಕೆ ಬರುವ ಬಾನೆಟ್ ಮಕಾಕ್ (ನಮ್ಮ ದಕ್ಷಿಣದ ಮಾಮೂಲಿ ಮಂಗ) ತಂಡದಲ್ಲಿ ಸುಮಾರು 30 ಮಂಗಗಳಿವೆ, ದೊಡ್ಡ ಹೆಣ್ಣುಗಳು ಒಂಬತ್ತು. ಒಂಬತ್ತನ್ನೂ ಈಗ ಬೆನ್ನು ನೋಡಿಯೇ ಹೇಳುತ್ತೇನೆ.

ಅವು ತಮ್ಮತಮ್ಮಲ್ಲಿ ಹೇಗಿರುತ್ತವೆ ಅಂತ ನೋಡಿ ಬರೆಯಲು ಹೊರಟ ಮೊದಲ ವರ್ಷ ಪೂರ್ತಿ ಹಾಳಾಯಿತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದೆ. ಜಗಳಕ್ಕೆ ಸದ್ದು ಜಾಸ್ತಿ, ಹೇನು ನೋಡುವುದಕ್ಕೆ ಸದ್ದೇ ಇಲ್ಲ. ನಾಲ್ಕು ನೋಟ್‌ಬುಕ್ ತುಂಬ ಬರೀ ಜಗಳ! ಮೈಕ್‌ಗೆ ಅವುಗಳ ಕೂಗು ರೆಕಾರ್ಡ್ ಮಾಡಲು ಹತ್ತಿರಹತ್ತಿರ 14 ಸಾವಿರ ಸುರಿದೆ. ಜುಲೈ ಮಳೆಯ ತೇವಕ್ಕೆ ಕೆಟ್ಟಿತು. ರಿಪೇರಿಗೆ ಇನ್ನೂ ಎರಡೂವರೆ ಸಾವಿರ ಹೋಯಿತು, ಸರಿಯಾಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಪೆನ್ಸಿಲ್ ಮತ್ತು ಮೊಬೈಲಿನ ಟೈಮರ್.

ಎರಡನೇ ವರ್ಷ ಚೀಟಿ ಎತ್ತಿದೆ. ಬಂದ ಹೆಸರಿನ ಹೆಣ್ಣಿನ ಮೇಲೆ ಹತ್ತು ನಿಮಿಷ ಕಣ್ಣು, ಬೇರೆ ಏನೇ ಆಗಲಿ ತಿರುಗುವಂತಿಲ್ಲ. ಆಗ ಸಿಕ್ಕಿತು. ಸೀಳುತುಟಿ, ಮೊಂಡುಬಾಲ (ಹೆಣ್ಣುಗಳಿಗೆ ನಾನಿಟ್ಟ ಹೆಸರುಗಳು) ಇಬ್ಬರೂ ಹೇನು ನೋಡುತ್ತಿರುವಾಗ ಅಜ್ಜಿ ಎಂಬ ಮೂರನೆಯವಳು ಬರುತ್ತಾಳೆ. ತಂಡದ ಅಂತಸ್ತಿನಲ್ಲಿ ಅಜ್ಜಿ ಇಬ್ಬರಿಗೂ ಮೇಲಿನವಳು. ಬರೀ ಭಯವಾದರೆ ಇಬ್ಬರೂ ಏಳಬೇಕಿತ್ತು, ಅಲ್ವಾ? ಎದ್ದವಳು ಮೊಂಡುಬಾಲ ಒಬ್ಬಳೇ, ಇಬ್ಬರಲ್ಲಿ ಕೆಳಗಿನವಳು. ಅಂದರೆ ಯಾರು ಯಾರಿಗಿಂತ ಮೇಲೆ ಎನ್ನುವುದು ಅವಕ್ಕೆ ಗೊತ್ತು. ಮಂಗಗಳ ವರ್ತನೆ ಅಧ್ಯಯನ ಮಾಡುವ ವಿಜ್ಞಾನಿ ಅನಿಂದ್ಯ ಸಿನ್ಹಾ 1998ರಲ್ಲಿ ಬರೆದದ್ದು ಇದನ್ನೇ. ಅರವತ್ತು ಚಿಲ್ಲರೆ ಸಲ ನೋಡಿದ್ದೇನೆ, ಐವತ್ತು ಸಲವಾದರೂ ಹೀಗೇ ಆಯಿತು. ಉಳಿದ ಸಲ ಹೆಚ್ಚಾಗಿ ಅಜ್ಜಿ ಸ್ನೇಹದ ಗುರುತಾಗಿ ತುಟಿ ಪಟಪಟ ಆಡಿಸುತ್ತಾ ಬಂದಿದ್ದಳು. ಆಗ ಯಾರೂ ಏಳಲಿಲ್ಲ.

ಮಧ್ಯೆ ಇನ್ನೊಂದು ಪ್ರಯತ್ನ. ಚೆನಿ ಮತ್ತು ಸೇಫಾರ್ತ್ ಎಂಬ ವಿಜ್ಞಾನಿಗಳು ಕೆನ್ಯಾದ ಅಂಬೋಸೆಲಿಯಲ್ಲಿ ವರ್ವೆಟ್ ಎಂಬ ಜಾತಿಯ ಮಂಗದ ಮರಿಯ ಕಿರುಚಾಟ ರೆಕಾರ್ಡ್ ಮಾಡಿ ಕೇಳಿಸಿದಾಗ ಉಳಿದ ಹೆಣ್ಣುಗಳು ಅದರ ತಾಯಿಯ ಕಡೆ ನೋಡಿದ್ದವು. ನನ್ನಲ್ಲಿ ಮೈಕ್ ಇಲ್ಲ, ನಿಜವಾದ ಕಿರುಚಾಟಕ್ಕೇ ಕಾದೆ. ಹನ್ನೊಂದರಲ್ಲಿ ಏಳು ಸಲ ತಾಯಿಯನ್ನೇ ನೋಡಿದವು. ಆದರೆ ಅಷ್ಟರಲ್ಲಿ ತಾಯಿ ಓಡಲು ಶುರು ಮಾಡಿರುತ್ತಾಳೆ. ಅವು ಕಿರುಚಾಟ ಯಾರ ಮರಿಯದು ಅಂತ ಗುರುತಿಸಿ ನೋಡಿದವೋ, ತಾಯಿ ಓಡಿದ್ದಕ್ಕೆ ನೋಡಿದವೋ ತಿಳಿಯುವುದಿಲ್ಲ. ಅದಕ್ಕೇ ಈ ಲೆಕ್ಕ ಬಿಟ್ಟೆ.

ತಿಂಡಿ ಮಾತ್ರ ಕೊಡಬೇಡಿ. ಬಂಡೀಪುರದ ಮಂಗಗಳು ಜನರ ಮುಂದೆ ಕೈ ಚಾಚಿ 'ಕೂ' ಎಂದು ತಿಂಡಿ ಕೇಳುತ್ತವೆ. ಆಮೇಲೆ ಅವು ತಮ್ಮತಮ್ಮಲ್ಲಿ ಇರುವುದನ್ನು ಬಿಟ್ಟು ನಿಮ್ಮನ್ನೇ ನೋಡುತ್ತಾ ಕೂರುತ್ತವೆ. ಅವು ನನ್ನನ್ನು ಮರೆಯುವ ಹಾಗೆ ಕೂರಲು ಒಂದು ಉಪಾಯ ಇದೆ. ಅದನ್ನು ಸದ್ಯ ಹೇಳುವುದಿಲ್ಲ.

ಮಾರ್ಚ್‌ನಲ್ಲಿ ಮೊಂಡುಬಾಲ ಮರಿ ಹಾಕಿದಳು. ಈಗ ಅಜ್ಜಿಯೇ ತುಟಿ ಆಡಿಸುತ್ತಾ ಅವಳ ಹತ್ತಿರ ಹೋಗುತ್ತಾಳೆ, ಮರಿ ಮುಟ್ಟಲು. ಮೊಂಡುಬಾಲ ಏಳುವುದಿಲ್ಲ. ಈ ಭಾನುವಾರದಿಂದ ಮರಿ ಇದ್ದಾಗಿನ ಲೆಕ್ಕಕ್ಕೆ ಬೇರೆ ಪುಸ್ತಕ ಇಟ್ಟಿದ್ದೇನೆ.