ಸೈನ್ಯಕ್ಕೆ ಎಂಜಿನ್ ಆಯಿಲ್ ಕೊಡಬೇಕೆಂದಿದ್ದರೆ

ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಆಯಿಲ್ ಬ್ಲೆಂಡಿಂಗ್ (ಎಣ್ಣೆ ಬೆರೆಸಿ ಎಂಜಿನ್ ಆಯಿಲ್ ಮಾಡುವ) ಘಟಕವಿದೆ. ಸಂಡೂರಿನ ಅದಿರು ಟಿಪ್ಪರ್‌ಗಳನ್ನು ಓಡಿಸಿದ ಆಯಿಲ್ ಸೈನ್ಯದ ಲಾರಿಯನ್ನು ಓಡಿಸದೇ ಎಂಬ ಹುಮ್ಮಸ್ಸಿನಲ್ಲಿ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ತೆರೆದು ನೇರವಾಗಿ ದರ ಹಾಕಲು ಕುಳಿತವನು ನಾನು. ದರದ ಮಾತು ಆಮೇಲೆ. ಮೊದಲು ಟೆಂಡರ್ ಹೆಸರಿಸಿರುವ ನಿರ್ದಿಷ್ಟತೆಯ (ಸ್ಪೆಸಿಫಿಕೇಶನ್) ಇತ್ತೀಚಿನ ಪರಿಷ್ಕೃತ ಪ್ರತಿಯನ್ನು ತರಿಸಿಕೊಂಡು ಸಾಲುಸಾಲಾಗಿ ಓದಿ. ಡಬ್ಬದ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಅಚ್ಚಾಗಿದ್ದರೆ ಸಾಕೆಂದು ಕೂರಬೇಡಿ.

ನಮ್ಮ ಕಡೆಯವರು ಎಡವುವುದು ಚಳಿಯ ವಿಷಯದಲ್ಲಿ. ಬೇಸಿಗೆಗೆ 40 ಡಿಗ್ರಿ ದಾಟುವ ಊರಿನವರು ನಾವು. 100 ಡಿಗ್ರಿಯಲ್ಲಿನ ವಿಸ್ಕಾಸಿಟಿ, ಅಂದರೆ ಆಯಿಲ್ ಎಷ್ಟು ಮಂದವಾಗಿದೆ ಎಂಬುದನ್ನು, ನೋಡಿ ಸುಮ್ಮನಾಗುತ್ತೇವೆ. 15ಡಬ್ಲ್ಯು-40 ಆಯಿಲ್‌ಗೆ (ಡಬ್ಲ್ಯು ಎಂದರೆ ಚಳಿಗಾಲದ ದರ್ಜೆ) ಅದು ಕನಿಷ್ಠ 12.5 ಸೆಂಟಿಸ್ಟೋಕ್ಸ್ (ವಿಸ್ಕಾಸಿಟಿಯ ಅಳತೆ) ಇರಬೇಕು, 16.3 ಮುಟ್ಟಬಾರದು. ಆದರೆ ಚಳಿಯಲ್ಲಿ ಎಂಜಿನ್ ತಿರುಗೀತೇ ಎಂದು ಅದೇ ಆಯಿಲನ್ನು ಮೈನಸ್ 20ರಲ್ಲಿ ಪರೀಕ್ಷಿಸುತ್ತಾರೆ. 5ಡಬ್ಲ್ಯು ಆದರೆ ಮೈನಸ್ 30, 0ಡಬ್ಲ್ಯು ಆದರೆ ಮೈನಸ್ 35. ಲಡಾಖಿನ ಚಳಿ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಿಂದ ವರದಿ ಮಾಡಿಸಿ. ಆ ಮಾನ್ಯತೆ ನಿಮಗೆ ಬೇಕಾದ ಪರೀಕ್ಷೆಗೂ ಇದೆಯೇ ಎಂದು ವಿಚಾರಿಸಿಯೇ ಹಣ ಕಟ್ಟಿ.

ಮಾದರಿ ತೆಗೆಯುವುದೂ ಒಂದು ಕಸುಬು. ನನ್ನ ಮೊದಲ ಮಾದರಿ ತಿರಸ್ಕೃತವಾಯಿತು. ಸೂತ್ರ ಸರಿಯಾಗಿಯೇ ಇತ್ತು. ಹಿಂದಿನ ದಿನ ಅದೇ ಪೈಪಿನಲ್ಲಿ ಗೇರ್ ಆಯಿಲ್ ತುಂಬಿದ್ದೆವು. ನಲ್ಲಿಯಿಂದ ಬಂದ ಮೊದಲ ಲೀಟರನ್ನೇ ಸೀಸೆಗೆ ಹಿಡಿದು ಕಳುಹಿಸಿದ್ದೆ. ನಮ್ಮಲ್ಲೇ ಉಳಿದಿದ್ದ ಜೋಡಿ ಸೀಸೆಯ ಮುಚ್ಚಳ ತೆಗೆದು ಮೂಸಿದ ಹಳೆಯ ಕೆಲಸಗಾರರು, ‘ಗಂಧಕದ ವಾಸನೆ ಬರುತ್ತಿದೆಯಲ್ಲ ಯಜಮಾನರೇ’ ಎಂದರು. ಅಂದಿನಿಂದ ಪೈಪು ತೊಳೆಯದೆ ಮಾದರಿ ಹಿಡಿಯುವುದಿಲ್ಲ.

ಒಪ್ಪಿಗೆ ಸಿಗುವುದು ಪರೀಕ್ಷೆಗೆ ಕೊಟ್ಟ ಸೂತ್ರಕ್ಕೆ, ನಿಮ್ಮ ಹೆಸರಿಗಲ್ಲ. ಅಮೆರಿಕದ ಸೇನೆ ತನ್ನ ಎಂಐಎಲ್-ಪಿಆರ್‌ಎಫ್-2104 ಎಂಬ ನಿರ್ದಿಷ್ಟತೆಯ ಎಂಜಿನ್ ಆಯಿಲ್‌ಗಳಿಗೆ ಅರ್ಹ ಉತ್ಪನ್ನಗಳ ಪಟ್ಟಿಯನ್ನೇ ಇಟ್ಟಿದೆ. ಪಟ್ಟಿ ಸೇರಿದ ಮೇಲೆ ಬೇಸ್ ಆಯಿಲ್ (ಮೂಲ ಎಣ್ಣೆ) ಬದಲಿಸಿದರೆ ತಿಳಿಸಲೇಬೇಕು. ಇಲ್ಲಿಯೂ ಅದನ್ನೇ ರೂಢಿ ಮಾಡಿಕೊಳ್ಳಿ. ಲೀಟರಿಗೆ ಎರಡು ರೂಪಾಯಿ ಉಳಿಯುತ್ತದೆಂದು ಅಡಿಟಿವ್ (ಎಣ್ಣೆಗೆ ಬೆರೆಸುವ ರಾಸಾಯನಿಕ) ಬದಲಿಸುವ ಆಸೆ ನನಗೂ ಬರುತ್ತದೆ. ಬಂದಾಗ ಮತ್ತೆ ಪರೀಕ್ಷೆ ಮಾಡಿಸುವ ಖರ್ಚನ್ನು ಲೆಕ್ಕ ಹಾಕುತ್ತೇನೆ.

ಪ್ರತಿ ಬ್ಯಾಚಿನಿಂದ ಎರಡು ಸೀಸೆ ಮೊಹರು ಮಾಡಿ, ಬ್ಯಾಚ್ ಸಂಖ್ಯೆ, ದಿನಾಂಕ, ಬೇಸ್ ಆಯಿಲ್ ಬಂದ ಟ್ಯಾಂಕರಿನ ಬಿಲ್ ಸಂಖ್ಯೆ ಬರೆದಿಡಿ. ತಪಾಸಣೆಗೆ ಬಂದವರು ಡ್ರಮ್ ನೋಡಿದ ಮೇಲೆ ಕೇಳುವುದು ಅದನ್ನೇ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಎಣ್ಣೆ ತಗುಲಿದರೆ ಇಂಕು ಹರಡಿಬಿಡುತ್ತದೆ.