ತಡಮೆ ಬುಡದ ಸುಣ್ಣದ ಡಬ್ಬಿ: ಮುರಕಲ್ಲು ನೆಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದ ನನ್ನ ಅನುಭವ

ನಮ್ಮ ಅಡಿಕೆ ತೋಟದ ಮೇಲಿನ ಗುಡ್ಡೆಯಲ್ಲಿ 'ಹಳೆಮನೆ ತಳ' ಅಂತ ಒಂದು ಜಾಗ ಇದೆ. ಅಜ್ಜನ ಕಾಲದ ಮನೆ ಇದ್ದದ್ದು ಅಲ್ಲಿ. ಈಗ ಉಳಿದಿರುವುದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪಂಚಾಂಗ ಅಂದರೆ ಅಡಿಪಾಯ, ಮೂರು ಮೆಟ್ಟಿಲು, ಅರ್ಧ ಕುಸಿದ ತುಳಸಿಕಟ್ಟೆ, ಹಿಂದೆ ಒಂದು ನೀರಿನ ಸುರಂಗದ ಬಾಯಿ. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯವರಿಗೆ ಇಂಥ ಜಾಗ ಹೊಸತಲ್ಲ. ಮೂರು ವರ್ಷದಿಂದ ಮಳೆಗಾಲ ಮುಗಿದ ಕೂಡಲೇ ನಾನು ಅಲ್ಲಿ ಡಿಟೆಕ್ಟರ್ ಹಿಡಿದು ನಡೆಯುತ್ತಿದ್ದೇನೆ.

ಯಂತ್ರ ಕೊಂಡದ್ದು ಹಳೆ ವಸ್ತುಗಳಿಗಾಗಿ ಅಲ್ಲ. ತಂಗಿ ಅಡಿಕೆ ಹೆಕ್ಕುವಾಗ ಮದುವೆಯ ಉಂಗುರ ಕಳೆದುಕೊಂಡಿದ್ದಳು. ಪರಿಚಯದವರೊಬ್ಬರು ಬಳಸಿ ಬಿಟ್ಟಿದ್ದ ಒಂದು ಡಿಟೆಕ್ಟರ್ ಅರ್ಧ ಬೆಲೆಗೆ ಸಿಕ್ಕಿತು. ಒಂದೇ ಫ್ರೀಕ್ವೆನ್ಸಿಯ, 12 ಕಿಲೋಹರ್ಟ್ಸಿನ ಯಂತ್ರ, 11 ಇಂಚಿನ ಡಬಲ್-ಡಿ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ). ನಾಲ್ಕನೇ ದಿನ ಸೋಗೆಯ ಅಡಿಯಲ್ಲಿ ಉಂಗುರ ಸಿಕ್ಕಿತು. ಆದರೆ ಆ ನಾಲ್ಕು ದಿನ ನಾನು ಪಟ್ಟ ಪಾಡು ಬೇರೆಯವರು ಪಡುವುದು ಬೇಡ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮಾರಿದವರು ಹೇಳಿದ್ದು ಒಂದೇ ಮಾತು: 'ಸೆನ್ಸಿಟಿವಿಟಿ ಪೂರ್ತಿ ಇಡಿ, ಆಳಕ್ಕೆ ಹೋಗುತ್ತದೆ.' ಸೆನ್ಸಿಟಿವಿಟಿ ಅಂದರೆ ಯಂತ್ರ ಎಷ್ಟು ಸಣ್ಣ ಸುಳಿವಿಗೂ ಕೂಗಬೇಕು ಅನ್ನುವ ಸೆಟ್ಟಿಂಗ್. ನಾನೂ ಪೂರ್ತಿ ಇಟ್ಟೆ. ಹೆಜ್ಜೆ ಹೆಜ್ಜೆಗೂ ಕೀಂ ಅಂತ ಕೂಗಿತು. ಅಗೆದಲ್ಲೆಲ್ಲ ಬರೀ ಕೆಂಪು ಮಣ್ಣು. ಒಂದು ಕಡೆ ಡ್ರಿಪ್ ಪೈಪು ತುಂಡಾಯಿತು. ಯಂತ್ರವೇ ಹಾಳಾಗಿದೆ ಅಂದುಕೊಂಡೆ.

ಹಾಳಾಗಿರಲಿಲ್ಲ. ಅದು ಕೂಗಿದ್ದು ನಮ್ಮ ನೆಲಕ್ಕೆ. ಮುರಕಲ್ಲಿನ ಕೆಂಪು ಅಂದರೆ ಕಬ್ಬಿಣದ ತುಕ್ಕಿನ ಕೆಂಪೇ. ಈಸ್ಟ್ ಇಂಡಿಯಾ ಕಂಪನಿಯ ಸರ್ವೆಗೆ ಬಂದ ಫ್ರಾನ್ಸಿಸ್ ಬುಕನನ್ ಈ ಕಲ್ಲನ್ನು ಕೇರಳದ ಅಂಗಾಡಿಪುರಂನಲ್ಲಿ ನೋಡಿ 1807ರಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟ. ಒಳಗಿರುವಾಗ ಕತ್ತರಿಸಲು ಬರುವಷ್ಟು ಮೆದು, ಗಾಳಿಗೆ ಬಿದ್ದರೆ ಗಟ್ಟಿ. ನಮಗೆ ಅದು ಮನೆ ಕಟ್ಟುವ ಕಲ್ಲು. ಡಿಟೆಕ್ಟರಿಗೆ ಮಾತ್ರ ನೆಲ ಪೂರ್ತಿ ಕಬ್ಬಿಣದ ಪುಡಿ ಹರಡಿದ ಹಾಗೆ. ಆಟಿ ತಿಂಗಳ ರಾತ್ರಿ ಮಳೆಯಲ್ಲಿ ಟಾರ್ಚ್ ಬಿಟ್ಟು ನೋಡಿ. ಬೆಳಕು ಜಾಸ್ತಿ ಮಾಡಿದಷ್ಟೂ ಎದುರಿಗೆ ಮಳೆ ಹನಿಯೇ ಬೆಳ್ಳಗೆ ಕಾಣುತ್ತದೆ, ದಾರಿ ಕಾಣುವುದಿಲ್ಲ. ಸೆನ್ಸಿಟಿವಿಟಿ ಪೂರ್ತಿ ಇಟ್ಟರೆ ಆಗುವುದೂ ಅದೇ.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಮನೆಯಲ್ಲಿ ಹಳೆಯ ಒಟ್ಟೆ ಮುಕ್ಕಾಲು ಮೂರು ಇದ್ದವು. 1943ರಿಂದ 1947ರವರೆಗೆ ಬಂದ, ನಡುವೆ ತೂತಿರುವ ಒಂದು ಪೈಸೆ ನಾಣ್ಯ ಅದು. ರೂಪಾಯಿಗೆ 64. ಯುದ್ಧ ಕಾಲದಲ್ಲಿ ಲೋಹ ಉಳಿಸಲು ಹಾಗೆ ಮಾಡಿದರಂತೆ. ಮೂರನ್ನೂ ಲೋಹದ ಸದ್ದೇ ಇಲ್ಲದ ಒಂದು ಕಡೆ 3, 5, 7 ಇಂಚು ಆಳದಲ್ಲಿ ಹೂತು ಗೂಟ ನೆಟ್ಟೆ. ಒಂದು ಮಳೆಗಾಲ ಹಾಗೇ ಬಿಟ್ಟೆ. ಸೆನ್ಸಿಟಿವಿಟಿ ಪೂರ್ತಿ ಇಟ್ಟಾಗ 3 ಇಂಚಿನದ್ದು ಮಾತ್ರ ಗೊತ್ತಾಯಿತು. ಅರ್ಧಕ್ಕಿಂತ ಒಂದು ಮೆಟ್ಟಿಲು ಮೇಲೆ ಇಟ್ಟಾಗ 5 ಇಂಚಿನದ್ದೂ ಸ್ಪಷ್ಟವಾಗಿ ಕೇಳಿತು. 7 ಇಂಚಿನದ್ದು ಯಾವ ಸೆಟ್ಟಿಂಗಿನಲ್ಲೂ ಸಿಗಲಿಲ್ಲ. ನಮ್ಮ ಗುಡ್ಡೆಯಲ್ಲಿ ಒಂದು ಸಣ್ಣ ನಾಣ್ಯಕ್ಕೆ ನನ್ನ ಯಂತ್ರದ ಮಿತಿ ಅಷ್ಟೇ. 'ಹತ್ತು ಅಡಿ ಕೆಳಗಿನ ಚಿನ್ನ ತೋರಿಸುತ್ತದೆ' ಅಂತ ಯಾರಾದರೂ ಯಂತ್ರ ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ. ಎಷ್ಟೋ ಜನ ಸಾಲ ಮಾಡಿ ಕೊಟ್ಟಿದ್ದಾರೆ.

ಎರಡನೆಯ ಮುಖ್ಯ ಸೆಟ್ಟಿಂಗ್ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸದ್ದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಹೊಂದಿಸುವುದು. ಇದಿಲ್ಲದ ಅಥವಾ ಕಂಪನಿಯಲ್ಲೇ ಒಂದೇ ಲೆಕ್ಕಕ್ಕೆ ಇಟ್ಟು ಬಿಟ್ಟ ಯಂತ್ರ ಮುರಕಲ್ಲು ನೆಲಕ್ಕೆ ಆಗುವುದಿಲ್ಲ. ಕಾಯಿಲನ್ನು ನೆಲದಿಂದ ಒಂದು ಅಡಿ ಎತ್ತಿ, ಇಳಿಸಿ, ಎತ್ತಿ, ಇಳಿಸಿ ಮಾಡಬೇಕು, ಬಟನ್ ಒತ್ತಿಕೊಂಡೇ. ಸದ್ದು ಅಡಗುವ ತನಕ. ಕೆಳಗೆ ಲೋಹ ಇಲ್ಲದ ಜಾಗದಲ್ಲೇ ಮಾಡಬೇಕು, ಇಲ್ಲದಿದ್ದರೆ ಆ ಲೋಹವನ್ನೇ ನೆಲ ಅಂತ ಲೆಕ್ಕ ಹಾಕುತ್ತದೆ. ನಮ್ಮ ಗುಡ್ಡೆಯಲ್ಲಿ ಪರದೆಯ ಮೇಲಿನ ನೆಲದ ಅಂಕೆ 85ರ ಆಸುಪಾಸು ನಿಲ್ಲುತ್ತದೆ. ಕೆಳಗೆ ತೋಟದ ಕಪ್ಪು ಮಣ್ಣಿಗೆ ಬಂದರೆ ಇಳಿಯುತ್ತದೆ. ಹಾಗಾಗಿ ಜಾಗ ಬದಲಾದ ಹಾಗೆ ಮತ್ತೆ ಮತ್ತೆ ಮಾಡಬೇಕು.

ಈ ಅಂಕೆಯೇ ನನಗೆ ಒಂದು ದೊಡ್ಡ ಉಪಕಾರ ಮಾಡಿತು. ಹಳೆಮನೆ ತಳದ ಒಂದು ಮೂಲೆಯಲ್ಲಿ ಅಂಕೆ ಸುಮ್ನೆ ಏರಿ ಹೋಗುತ್ತಿತ್ತು. ಆರೇಳು ಅಡಿ ಆಚೆ ಹೋದರೆ ಮತ್ತೆ ಮೊದಲಿನ ಹಾಗೆ. ಅಗೆದರೆ ಲೋಹ ಇಲ್ಲ, ಕರಿ ಮಣ್ಣು, ಬೂದಿ. ಅಮ್ಮನನ್ನು ಕರೆದು ತೋರಿಸಿದೆ. 'ಇಲ್ಲೇ ಅಲ್ವಾ ಒಲೆ ಇದ್ದದ್ದು' ಅಂದರು. ಕೆಂಪು ಮಣ್ಣು ಸೊಪ್ಪು ಸೌದೆಯ ಜೊತೆ ಸುಟ್ಟಾಗ ಅದರೊಳಗಿನ ಕಬ್ಬಿಣದ ತುಕ್ಕು ಬದಲಾಗಿ, ಅಯಸ್ಕಾಂತಕ್ಕೆ ಜಾಸ್ತಿ ಎಳೆಯುವ ರೂಪಕ್ಕೆ ಬರುತ್ತದೆ. ನಮ್ಮಲ್ಲಿ ಗೊಬ್ಬರಕ್ಕೆಂದು ಸುಡುಮಣ್ಣು ಮಾಡುತ್ತಿದ್ದ ಜಾಗಗಳೂ ಹೀಗೆಯೇ. ನೀವೂ ಮಾಡಿ ನೋಡಬಹುದು: ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುಡುಮಣ್ಣಿನಲ್ಲಿ ಆಡಿಸಿ. ಮೀಸೆಯ ಹಾಗೆ ಪುಡಿ ಅಂಟಿಕೊಳ್ಳುತ್ತದೆ. ಒಲೆ ಸಿಕ್ಕಿದ ಮೇಲೆ ಅಡಿಗೆ ಕೋಣೆ ಯಾವುದು, ಬಚ್ಚಲು ಎಲ್ಲಿ, ಜಗಲಿ ಯಾವ ಕಡೆ ಎಲ್ಲ ಅಮ್ಮನೇ ಹೇಳಿದರು. ಒಂದು ಹಾಳೆಯಲ್ಲಿ ನಕ್ಷೆ ಬರೆದೆ. ಮೆಷಿನಿಗಿಂತ ಆ ಹಾಳೆ ದೊಡ್ಡ ಆಸ್ತಿ.

ಯಾಕೆಂದರೆ ಸಾಮಾನು ಬೀಳುವುದು ಎಲ್ಲೆಂದರಲ್ಲಿ ಅಲ್ಲ. ಕೂರುವಲ್ಲಿ, ಬಗ್ಗುವಲ್ಲಿ, ಬಟ್ಟೆ ಬಿಚ್ಚುವಲ್ಲಿ, ಹತ್ತಿ ಇಳಿಯುವಲ್ಲಿ. ಮನೆಯ ನಡುವೆ ನನಗೆ ಮೊಳೆ ಬಿಟ್ಟರೆ ಏನೂ ಸಿಗಲಿಲ್ಲ. ಜಗಲಿಯ ಹೊರ ಅಂಚಿನಲ್ಲಿ, ಮೆಟ್ಟಿಲ ಎರಡು ಬದಿಯಲ್ಲಿ ಒಂದು ಮೊಳ ಅಗಲದಷ್ಟು ಜಾಗದಲ್ಲಿ ಒಂಬತ್ತು ನಾಣ್ಯ ಸಿಕ್ಕವು. ನಾಲ್ಕು ಒಟ್ಟೆ ಮುಕ್ಕಾಲು, ಐದು ನಯಾ ಪೈಸೆ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಬರೀ ಐದು ತಿಂಗಳು. ರಾಜ್ಯವೂ ಬದಲು, ಲೆಕ್ಕವೂ ಬದಲು. ಅದೇ ಮೆಟ್ಟಿಲು ಹತ್ತಿದ ಜನರ ಸೊಂಟದಿಂದ ಎರಡೂ ಕಾಲದ ಚಿಲ್ಲರೆ ಒಂದೇ ಮಣ್ಣಿಗೆ ಬಿದ್ದಿದೆ. ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ.

ತೋಟದೊಳಗೆ ಹುಡುಕುವುದು ಬೇರೆಯೇ ಕಷ್ಟ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ಗನ್ನಿನ ಹಿತ್ತಾಳೆ ನಾಝಲ್, ಸ್ಪ್ರಿಂಕ್ಲರಿನ ತುಂಡು, ಕೋವಿ ತೋಟೆಯ ಹಿತ್ತಾಳೆ ಬುಡ, ತಂತಿ. ಎಲ್ಲ ನಾಣ್ಯದ ಹಾಗೆಯೇ ಒಳ್ಳೆ ಅಂಕೆ ತೋರಿಸುತ್ತವೆ. ಇದು ನೆಲದ ಅಂಕೆ ಅಲ್ಲ, ಕೆಳಗಿನ ಲೋಹ ಯಾವುದಿರಬಹುದು ಅಂತ ಪರದೆ ತೋರಿಸುವ ಅಂಕೆ. ತಾಮ್ರ, ಬೆಳ್ಳಿಗೆ ಅಂಕೆ ಜಾಸ್ತಿ, ತೆಳು ಅಲ್ಯೂಮಿನಿಯಂ ಹಾಳೆಗೆ ಕಮ್ಮಿ, ಕಬ್ಬಿಣಕ್ಕೆ ಇನ್ನೂ ಕಮ್ಮಿ. ಸಣ್ಣ ಚಿನ್ನದ ಉಂಗುರ ಬರುವುದು ಸರಿಯಾಗಿ ಆ ಅಲ್ಯೂಮಿನಿಯಂ ಅಂಕೆಯಲ್ಲೇ. ಹಾಗಾಗಿ ಉಂಗುರ ಹುಡುಕುವವರು ಮಾತ್ರೆ ಹಾಳೆ, ಬಾಟ್ಲಿ ಮುಚ್ಚಳ ಅಂತ ಬಿಡುವ ಹಾಗಿಲ್ಲ, ಎಲ್ಲ ಅಗೆಯಬೇಕು. ತಂಗಿಯ ಉಂಗುರಕ್ಕೆ ಮೊದಲು ನಲವತ್ತಕ್ಕೂ ಹೆಚ್ಚು ಇಂಥ ಚೂರು ತೆಗೆದೆ. ಕಬ್ಬಿಣವನ್ನೂ ನಾನು ಪೂರ್ತಿ ಮುಚ್ಚುವುದಿಲ್ಲ. ಡಿಸ್ಕ್ರಿಮಿನೇಶನ್ ಹಾಕಿ ಕಬ್ಬಿಣದ ಸದ್ದು ತೆಗೆದರೆ ಮೊಳೆಯ ಪಕ್ಕದ ನಾಣ್ಯವೂ ಮೌನವಾಗುತ್ತದೆ. ಕಬ್ಬಿಣಕ್ಕೆ ಮೆಲ್ಲನೆಯ ದಪ್ಪ ಸ್ವರ ಇಟ್ಟು, ಹೆಡ್‌ಫೋನಿನಲ್ಲಿ ಕೇಳುತ್ತಾ ಹೋಗುತ್ತೇನೆ. ಮೊಳೆ ಜಾಸ್ತಿ ಇರುವಲ್ಲಿ ಸಣ್ಣ ಕಾಯಿಲ್ ಹಾಕಬೇಕು. ಅದು ಕಮ್ಮಿ ಮಣ್ಣು ನೋಡುತ್ತದೆ, ಆದ್ದರಿಂದ ನೆಲದ ಗಲಾಟೆಯೂ ಕಮ್ಮಿ.

ಕುಂಬಳೆ, ಉಪ್ಪಳ ಕಡೆ ಕಡಲ ತೀರಕ್ಕೂ ಒಂದೆರಡು ಸಲ ಹೋಗಿದ್ದೆ. ಒದ್ದೆ ಮರಳಿನ ಉಪ್ಪಿಗೆ ಒಂದೇ ಫ್ರೀಕ್ವೆನ್ಸಿಯ ಯಂತ್ರ ಗೊಣಗುತ್ತಲೇ ಇರುತ್ತದೆ. ಒಣ ಮರಳಿಗೆ ಅಡ್ಡಿಯಿಲ್ಲ.

ಅಗೆಯಲು ಒಳ್ಳೆಯ ಕಾಲ ಅಕ್ಟೋಬರ್, ನವೆಂಬರ್. ಪತ್ತನಾಜೆ (ಮೇ ಕೊನೆ) ಹೊತ್ತಿಗೆ ನಮ್ಮ ಗುಡ್ಡೆಯಲ್ಲಿ ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತದೆ, ವಸ್ತುವಿಗೂ ಏಟು ಬೀಳುತ್ತದೆ. ಅಡಿಕೆ ಮರದ ಬುಡದಿಂದ ಎರಡು ಅಡಿ ಒಳಗೆ ಎಷ್ಟೇ ಒಳ್ಳೆ ಸದ್ದು ಬಂದರೂ ನಾನು ಮುಟ್ಟುವುದಿಲ್ಲ. ಮುರಕಲ್ಲಿನ ಸಂದಿಗೆ ಕೈ ಹಾಕುವ ಮೊದಲು ಕೋಲು ಹಾಕಬೇಕು. ಹಾವು ಇರುತ್ತದೆ.

ಇನ್ನೊಂದು ವಿಷಯ ಗಟ್ಟಿಯಾಗಿಯೇ ಹೇಳಬೇಕು. ಯಂತ್ರ ಇದೆ ಅಂತ ಗೊತ್ತಾದ ಮೇಲೆ ನಿಧಿ ಹುಡುಕಲು ಕರೆಯುವವರು ಬಂದರು. ಕೋಟೆಗೆ ಹೋಗೋಣ, ಹಾಳು ಗುಡಿಗೆ ಹೋಗೋಣ ಅಂತ. ನಾನು ಒಂದು ಸಲವೂ ಹೋಗಿಲ್ಲ. ಬೇಕಲ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಕಡೆ ಅನುಮತಿ ಇಲ್ಲದೆ ಅಗೆಯುವುದು 1958ರ ಸ್ಮಾರಕ ಕಾಯ್ದೆಯ ಪ್ರಕಾರ ಅಪರಾಧ. ನಮ್ಮದೇ ಜಾಗದಲ್ಲಿ ಸಿಕ್ಕಿದರೂ ಎಲ್ಲ ನಮ್ಮದಾಗುವುದಿಲ್ಲ. ನಿಧಿಗೆ 1878ರ ಕಾಯ್ದೆ ಇದೆ, ಕೇರಳಕ್ಕೆ ತನ್ನದೇ 1968ರ ಕಾಯ್ದೆಯೂ ಇದೆ. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ವಸ್ತುವನ್ನು 1972ರ ಕಾಯ್ದೆ ಪುರಾವಸ್ತು ಅನ್ನುತ್ತದೆ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ. ಕಾನೂನು ಇಲ್ಲದಿದ್ದರೂ ನಾನು ಕೋಟೆ ಅಗೆಯುತ್ತಿರಲಿಲ್ಲ. ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಅನ್ನುವುದರಲ್ಲೇ ಅದರ ಕಥೆ ಇರುವುದು. ಒಮ್ಮೆ ಕಿತ್ತರೆ ಆ ಕಥೆ ಯಾರಿಗೂ ಇಲ್ಲ. ಹಾಗಾಗಿ ನನ್ನ ಸಣ್ಣ ಸಾಮಾನಿಗೂ ಪುಸ್ತಕದಲ್ಲಿ ಬರೆದಿಡುತ್ತೇನೆ: ದಿನ, ಜಾಗ, ಆಳ, ಪಕ್ಕದಲ್ಲಿ ಏನಿತ್ತು.

ಆ ಪುಸ್ತಕದಲ್ಲಿ ಹೋದ ನವೆಂಬರಿನ ಒಂದು ಸಾಲು ಹೀಗಿದೆ: 'ತಡಮೆ, ಒಳಬದಿ, ಎಡ ಕಂಬದಿಂದ ಒಂದು ಗೇಣು, 4 ಇಂಚು.' ತಡಮೆ ಅಂದರೆ ಬೇಲಿ ದಾಟಲು ಇಡುವ ಅಡ್ಡ. ದನ ದಾಟಬಾರದು, ಜನ ದಾಟಬೇಕು. ಕಾಲು ಎತ್ತಿ ಹಾಕುವಾಗ ಸೊಂಟಕ್ಕೆ ಸಿಕ್ಕಿಸಿದ್ದು ಜಾರುತ್ತದೆ. ಹಳೆಮನೆಯ ತಡಮೆ ಈಗ ಇಲ್ಲ, ಕಂಬದ ಎರಡು ಗುಳಿ ಮಾತ್ರ ಇವೆ. ಅಲ್ಲಿ ಒಂದು ಅಂಕೆ ಸ್ವಲ್ಪವೂ ಅಲುಗದೆ ನಿಂತಿತು. ಅಡ್ಡ ಬೀಸಿದರೂ ಅದೇ, ಉದ್ದ ಬೀಸಿದರೂ ಅದೇ. ಸ್ವರ ದುಂಡಗೆ ಇತ್ತು. ತುಕ್ಕು ಕಬ್ಬಿಣವಾದರೆ ದಿಕ್ಕು ಬದಲಿಸಿದಾಗ ಸ್ವರ ಒಡೆಯುತ್ತದೆ.

ಕೈಯಲ್ಲೇ ಮಣ್ಣು ಬಿಡಿಸಿದೆ. ಹಿತ್ತಾಳೆಯ ಸುಣ್ಣದ ಡಬ್ಬಿ. ಲಿಂಬೆಹಣ್ಣಿಗಿಂತ ಚಿಕ್ಕದು, ಹಸಿರು ಹಿಡಿದಿತ್ತು. ಮುಚ್ಚಳದ ಸುತ್ತ ಗೆಜ್ಜೆ ಕೊರೆದ ಹಾಗೆ ಒಂದು ಸಾಲು ಗುಂಡು ಗುರುತು. ಒಂದು ಕಡೆ ಸವೆದು ನುಣ್ಣಗಾಗಿತ್ತು, ಹೆಬ್ಬೆರಳು ಇಟ್ಟು ತೆಗೆಯುತ್ತಿದ್ದ ಜಾಗ. ನನ್ನ ಹೆಬ್ಬೆರಳು ತಾನಾಗಿಯೇ ಅಲ್ಲಿ ಕೂತಿತು. ಎಳೆಯಲಿಲ್ಲ. ಮಳೆ ನೀರು ಹಿಡಿದಿಟ್ಟದ್ದರಲ್ಲಿ ಐದು ದಿನ ಮುಳುಗಿಸಿ, ನೀರು ಬದಲಿಸುತ್ತಾ, ಬಿದಿರಿನ ಕಡ್ಡಿಯಲ್ಲಿ ಸಂದಿಯ ಮಣ್ಣು ತೆಗೆದೆ. ಆರನೇ ದಿನ ಮುಚ್ಚಳ ಬಿಟ್ಟಿತು. ಒಳಗೆ ಸುಣ್ಣ ಕಲ್ಲಾಗಿತ್ತು. ಅದರ ನಡುವೆ ಒಂದು ಬೆರಳು ಎಳೆದ ಗೀರು.

ಅಮ್ಮ ಅದನ್ನು ತಮ್ಮ ಮಾವನ, ಅಂದರೆ ಅಜ್ಜನ, ಡಬ್ಬಿ ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಎಷ್ಟು ಹಳತು ಅಂತ ನೋಡಲು ತಿಳಿದವರೊಬ್ಬರಿಗೆ ಫೋಟೋ ಕಳಿಸಿದ್ದೇನೆ. ಮನೆಯಲ್ಲಿ ಎಲ್ಲರಿಗೂ ಅದನ್ನು ಹುಣಸೆಹುಳಿ ಹಾಕಿ ತಿಕ್ಕುವ ಆಸೆ, ದೀಪದ ಹಾಗೆ ಹೊಳೆಯಲಿ ಅಂತ. ನಾನು ಬಿಡಲಿಲ್ಲ. ಹುಳಿ ತಾಗಿದರೆ ಹಸಿರು ಮಾತ್ರ ಹೋಗುವುದಲ್ಲ, ಸುಣ್ಣವೂ ನೊರೆ ಬಂದು ಕರಗುತ್ತದೆ, ಆ ಬೆರಳಿನ ಗೀರೂ ಹೋಗುತ್ತದೆ. ಈಗ ಒಣ ಹತ್ತಿಯಲ್ಲಿ ಸುತ್ತಿ, ಡಬ್ಬಿಯನ್ನೂ ಮುಚ್ಚಳವನ್ನೂ ಬೇರೆ ಬೇರೆಯಾಗಿ, ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದೇನೆ.