ಕುತ್ತಿಗೆಯಿರುವ ಗೆಡ್ಡೆ: ಡೇರೆ ಹೂವಿನೊಡನೆ ನನ್ನ ಅನುಭವ

ನಮ್ಮ ಮನೆಯ ಅಂಗಳದಲ್ಲಿ ಡೇರೆ ಹೂ, ಅಂದರೆ ಡಾಲಿಯಾ, ಅರಳತೊಡಗುವುದು ಆಶ್ಲೇಷಾ ಮಳೆಯ ಹೊತ್ತಿಗೆ. ತೋಟಕ್ಕೆ ಹೋಗಿ ಬಂದವರ ಕಂಬಳಿಕೊಪ್ಪೆಗಳು ಜಗಲಿಯ ಗೂಟದಲ್ಲಿ ತೊಟ್ಟಿಕ್ಕುತ್ತ ನೇತಾಡುವ, ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲೆ ಹರವಿದರೂ ಒಣಗದ ಆ ದಿನಗಳಲ್ಲಿ, ದಣಪೆ ದಾಟಿ ಒಳಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುವುದು ಈ ಹೂಗಳ ಮೇಲೆ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ಮದುವೆಯಾಗಿ ಈ ಮನೆಗೆ ಬಂದಾಗ ಹೂವಿನ ಕೆಲಸವೆಲ್ಲ ಅತ್ತೆಯವರದಾಗಿತ್ತು. ನಾನು ಬುಟ್ಟಿ ಹಿಡಿದು ಹಿಂದೆ ನಡೆಯುವವಳಾಗಿದ್ದೆ. ಅವರು ತೀರಿಕೊಂಡ ಮೇಲೆ ಗೆಡ್ಡೆಗಳು ನನ್ನ ಪಾಲಿಗೆ ಬಂದವು, ಮತ್ತು ಮೊದಲ ಎರಡು ವರ್ಷಗಳಲ್ಲಿ ಅವುಗಳಲ್ಲಿ ಅರ್ಧದಷ್ಟನ್ನು ನಾನು ಕಳೆದುಕೊಂಡೆ. ಕಳೆದುಕೊಂಡದ್ದು ಹೇಗೆ, ಮತ್ತೆ ಕೂಡಿಸಿಕೊಂಡದ್ದು ಹೇಗೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅತ್ತೆಯವರ ಹೂಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದುದು ಅವರು ಹೊಸನಗರದ ಕಡೆಯ ತವರಿನಿಂದ ತಂದಿದ್ದ ಒಂದು ಡೇರೆ. ಕಡುಗೆಂಪು ಎಸಳುಗಳು, ಪ್ರತಿ ಎಸಳಿನ ತುದಿಯಲ್ಲೂ ಅಕ್ಕಿಕಾಳಿನಷ್ಟು ಬಿಳಿ. ನಮ್ಮ ಮನೆಯಲ್ಲಿ ಅದಕ್ಕೆ ಅಕ್ಷತೆ ಡೇರೆ ಎಂದೇ ಹೆಸರು. ಬೀಜದಿಂದ ಅದನ್ನು ಉಳಿಸಿಕೊಳ್ಳೋಣವೆಂದರೆ ಸಾಧ್ಯವಿಲ್ಲ. ಬಹಳಷ್ಟು ಗಿಡಗಳಲ್ಲಿ ತಾಯಿಗಿಡದ ಗುಣಗಳನ್ನು ಹೊತ್ತು ತರುವ ವರ್ಣತಂತುಗಳ ಎರಡು ಕಂತೆಗಳಿದ್ದರೆ ಅಂಗಳದ ಡೇರೆಯಲ್ಲಿ ಎಂಟು ಕಂತೆಗಳಿರುತ್ತವೆ. ಹಾಗಾಗಿ ಒಂದೇ ಹೂವಿನ ಬೀಜಗಳಿಂದ ಎದ್ದ ಸಸಿಗಳು ಒಂದೊಂದೂ ಒಂದೊಂದು ಬಣ್ಣ, ಒಂದೊಂದು ಆಕಾರ ತಾಳುತ್ತವೆ. ಅದೇ ಹೂ ಬೇಕೆಂದರೆ ಅದೇ ಗಿಡದ ಗೆಡ್ಡೆಯೇ ಬೇಕು, ಇಲ್ಲವೇ ಅದರ ಕುಡಿಯನ್ನು ಚಿವುಟಿ ಬೇರು ಬರಿಸಬೇಕು.

ಗೆಡ್ಡೆಯ ವಿಷಯದಲ್ಲಿ ಅತ್ತೆಯವರು ಹೇಳಿಕೊಟ್ಟ ಮೊದಲ ಪಾಠ ಈಗಲೂ ಕಿವಿಯಲ್ಲಿದೆ. ಜಗಲಿಯ ಮೇಲೆ ಗೋಣಿತಾಟು ಹಾಸಿ, ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು, "ಗೆಡ್ಡೆಗೆ ಕುತ್ತಿಗೆ ಇರ್ಬೇಕು ಮಾರಾಯ್ತಿ, ಕುತ್ತಿಗೆ ಇಲ್ದೇ ಇದ್ರೆ ಅದು ಬರೀ ಗೆಣಸು" ಎಂದಿದ್ದರು. ಆಲೂಗಡ್ಡೆಯ ಮೈತುಂಬ ಕಣ್ಣುಗಳಿರುತ್ತವೆ, ಹೇಗೆ ಹೋಳು ಮಾಡಿ ನೆಟ್ಟರೂ ಚಿಗುರುತ್ತದೆ. ಡೇರೆಯ ಗೆಡ್ಡೆ ಹಾಗಲ್ಲ. ಹಳೆಯ ಕಾಂಡಕ್ಕೆ ಅದು ಅಂಟಿಕೊಂಡಿರುವ ಜಾಗದಲ್ಲಿ ಮಾತ್ರ ಅದರ ಕಣ್ಣು ಇರುತ್ತದೆ. ಮೇ ತಿಂಗಳ ಆರಂಭದಲ್ಲಿ ಗೊಂಚಲನ್ನು ಬೆಳಕಿಗೆ ಹಿಡಿದು ಕಾಂಡದ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರೆ, ಮೆಣಸಿನ ಕಾಳಿಗಿಂತ ಚಿಕ್ಕದಾದ, ನಸುಗೆಂಪಾದ ಒಂದು ಉಬ್ಬು ಬೆರಳಿಗೆ ತಗಲುತ್ತದೆ. ಆ ಉಬ್ಬು, ಅದರ ಕೆಳಗಿನ ಸಪೂರ ಕುತ್ತಿಗೆ, ಅದರ ಕೆಳಗಿನ ಗೆಡ್ಡೆ, ಈ ಮೂರೂ ಒಂದೇ ತುಂಡಿನಲ್ಲಿ ಉಳಿಯುವಂತೆ ಕಾಂಡವನ್ನು ಸೀಳಬೇಕು. ಕುತ್ತಿಗೆ ಸ್ವಲ್ಪ ಉಳುಕಿದರೂ, ಸಿಪ್ಪೆ ಮುರಿದು ಜೋತುಬಿದ್ದರೂ ಆ ಗೆಡ್ಡೆ ಮಣ್ಣಿನೊಳಗೆ ಗುಂಡಗೆ ಕುಳಿತಿರುತ್ತದೆಯೇ ಹೊರತು ಚಿಗುರುವುದಿಲ್ಲ. ಒಮ್ಮೆ ಆಸೆಪಟ್ಟು ದೂರದ ಒಂದು ನರ್ಸರಿಯಿಂದ ಅಂಚೆಯಲ್ಲಿ ಹತ್ತು ಗೆಡ್ಡೆ ತರಿಸಿದಾಗ ಬಂದವುಗಳಲ್ಲಿ ಆರಕ್ಕೆ ಕುತ್ತಿಗೆಯೇ ಇರಲಿಲ್ಲ. ಅವು ಚಿಗುರಲೇ ಇಲ್ಲ. ಅಂದಿನಿಂದ ಕಣ್ಣಾರೆ ನೋಡದೆ ನಾನು ಗೆಡ್ಡೆ ತರುವುದಿಲ್ಲ.

ಕತ್ತರಿಸಿದ ಗಾಯಕ್ಕೆ ಬಚ್ಚಲ ಒಲೆಯ ಬೂದಿ ಹಚ್ಚಿ ಎರಡು ದಿನ ನೆರಳಿನಲ್ಲಿ ಬಿಡುತ್ತೇನೆ. ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಹೋಗುವಾಗ ಕತ್ತಿಯ ಬಾಯನ್ನು ಬೆಂಕಿಗೆ ಹಿಡಿಯುವುದನ್ನು ಮಾತ್ರ ನಾನು ತಡವಾಗಿ ಕಲಿತೆ. ಡೇರೆಗೆ ನಂಜುರೋಗ ಬರುತ್ತದೆ. ಎಲೆಯ ನರಗಳ ಪಕ್ಕ ಹಳದಿ ಬಣ್ಣ ಮೂಡಿ ಗಿಡ ಕುಳ್ಳಾಗುತ್ತದೆ, ಮತ್ತು ಅದು ಗೆಡ್ಡೆಯಲ್ಲಿಯೇ ಉಳಿದು ಮುಂದಿನ ವರ್ಷಕ್ಕೂ ದಾಟುತ್ತದೆ. ಅಂತಹ ಗಿಡಕ್ಕೆ ಮದ್ದಿಲ್ಲ. ಎಷ್ಟೇ ಚೆಂದದ ಹೂವಾಗಿದ್ದರೂ ಕಿತ್ತು ಸುಡಬೇಕು, ಅದರ ಗೆಡ್ಡೆಯನ್ನು ಯಾರಿಗೂ ಕೊಡಬಾರದು.

ನೆಡುವುದು ರೋಹಿಣಿ ಮಳೆಯಲ್ಲಿ, ಮಳೆಗಾಲ ಹಿಡಿದುಕೊಳ್ಳುವ ಮೊದಲು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮಲ್ಲಿ ಅದಕ್ಕಿಂತ ಕಡಿಮೆಯಾದರೂ ನೀರು ನಿಂತ ನೆಲದಲ್ಲಿ ಗೆಡ್ಡೆ ಒಂದೇ ವಾರದಲ್ಲಿ ಕೊಳೆಯಲು ಅಷ್ಟು ಸಾಕು. ಡೇರೆಯ ಮೂಲ ಮೆಕ್ಸಿಕೋದ ಎತ್ತರದ ಬೆಟ್ಟಗಳು. 1791ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನದಲ್ಲಿ ಕವನಿಯೆಸ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಸ್ವೀಡನ್ನಿನ ಆಂದೆರ್ಸ್ ಡಾಲ್ ಎಂಬವರ ನೆನಪಿಗಾಗಿ ಡಾಲಿಯಾ ಎಂದು ಹೆಸರಿಟ್ಟ. 1963ರಲ್ಲಿ ಮೆಕ್ಸಿಕೋ ಅದನ್ನು ತನ್ನ ರಾಷ್ಟ್ರೀಯ ಹೂವೆಂದು ಸಾರಿತು. ಆ ಬೆಟ್ಟಗಳಲ್ಲಿಯೂ ಮಳೆ ಹೆಚ್ಚಾಗಿ ಬೀಳುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ತಿಂಗಳುಗಳಲ್ಲೇ, ಹವೆಯೂ ತಂಪು; ಆದರೆ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಇದನ್ನು ಓದಿ ತಿಳಿದ ಮೇಲೆ ಅತ್ತೆಯವರು ಅಂಗಳದ ಅಂಚಿನ ಇಳಿಜಾರು ಧರೆಯ ಪಕ್ಕದಲ್ಲೇ ಏಕೆ ಮಡಿ ಮಾಡುತ್ತಿದ್ದರೆಂದು ನನಗೆ ಅರ್ಥವಾಯಿತು. ನಾನೂ ಈಗ ಒಂದಡಿ ಎತ್ತರದ ಮಡಿ ಮಾಡಿ, ನಡುವೆ ಬಸಿಗಾಲುವೆ ತೆಗೆದು, ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ಬೂದಿ ಬೆರೆಸಿ, ಗೆಡ್ಡೆಯನ್ನು ನಾಲ್ಕು ಬೆರಳು ಆಳದಲ್ಲಿ ಅಡ್ಡಲಾಗಿ ಮಲಗಿಸುತ್ತೇನೆ. ಆಸರೆಯ ಅಡಿಕೆ ದಬ್ಬೆಯನ್ನು ಗೆಡ್ಡೆ ಇಡುವ ಮೊದಲೇ ನೆಡುತ್ತೇನೆ; ಆಮೇಲೆ ನೆಡಹೊರಟರೆ ಅದು ಗೆಡ್ಡೆಯನ್ನೇ ತಿವಿಯುತ್ತದೆ. ಮೇಲೆ ದರಗೆಲೆ ಹೊದೆಸಿದರೆ ಮಳೆಹನಿ ಮಣ್ಣು ಸಿಡಿಸುವುದಿಲ್ಲ.

ಹೀಗೆ ಹದ ಮಾಡಿದ ಮೆತ್ತನೆಯ ಮಡಿ ನಮ್ಮ ನಾಯಿ ಕಾಳುವಿಗೂ ಬಹಳ ಇಷ್ಟ. ಅವನು ಮರಿಯಾಗಿದ್ದ ವರ್ಷ, ನೆಟ್ಟ ಮರುದಿನವೇ ಮೂರು ಮಡಿಗಳನ್ನು ಕೆದಕಿ, ಹಳ್ಳ ಮಾಡಿಕೊಂಡು ಮಲಗಿದ್ದ. ಹಳದಿ, ಬಿಳಿ, ನೇರಳೆ ಎಂದು ಬೇರೆ ಬೇರೆ ನೆಟ್ಟಿದ್ದ ಗೆಡ್ಡೆಗಳೆಲ್ಲ ಅಂಗಳದಲ್ಲಿ ಹರಡಿದ್ದವು. ನಮ್ಮ ಯಜಮಾನರು ಅವನನ್ನು ಕಟ್ಟಿಹಾಕೋಣವೆಂದರು. ಹಗಲಿಡೀ ತೋಟದಲ್ಲಿ ಮಂಗ ಓಡಿಸುವ ನಾಯಿಯನ್ನು ಕಟ್ಟಿಹಾಕಲು ನನಗೆ ಮನಸ್ಸಾಗಲಿಲ್ಲ. ಅವನಿಗೆ ಬೇಕಾದದ್ದು ಬೆಚ್ಚಗಿನ ಮೆತ್ತನೆಯ ಜಾಗ, ಅಷ್ಟೇ. ಬಚ್ಚಲ ಒಲೆಯ ಹೊರಗೋಡೆಗೆ ತಾಗಿದಂತೆ ಸೂರಿನಡಿ ಬೂದಿ ಮತ್ತು ಒಣಹುಲ್ಲು ಹಾಕಿ ಗೋಣಿ ಹಾಸಿದೆ, ಮಡಿಗಳ ಮೇಲೆ ನಿಂಬೆಗಿಡದ ಮುಳ್ಳುಕಡ್ಡಿಗಳನ್ನು ಹರಡಿದೆ. ಎರಡು ದಿನಗಳಲ್ಲಿ ಅವನು ಗೋಡೆಯ ಬಿಸಿಗೆ ಹೊಂದಿಕೊಂಡ. ಈಗ ಅವನಿಗೆ ಒಂಬತ್ತು ವರ್ಷ. ಮಳೆಗಾಲದಲ್ಲಿ ಅವನ ಜಾಗ ಅದೇ.

ಗಿಡಕ್ಕೆ ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಬೇಕು, ಆಗಲೇ ಬದಿಯ ಕೊಂಬೆಗಳು ಒಡೆಯುವುದು. ಆರಿದ್ರಾದಿಂದ ಪುಷ್ಯದವರೆಗೆ ನನ್ನ ಕೆಲಸವೆಂದರೆ ಬಸವನಹುಳುಗಳನ್ನು ಆರಿಸುವುದು. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಹೋದರೆ, ಹಗಲು ಒಂದೂ ಕಾಣದ ಮಡಿಯಲ್ಲಿ ಇಪ್ಪತ್ತು ಮೂವತ್ತು ಸಿಗುತ್ತವೆ. ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಒಂದು ವಾರ ತಪ್ಪಿಸಿದರೆ ಎಳೆ ಚಿಗುರು ಉಳಿಯುವುದಿಲ್ಲ.

ಮೊಗ್ಗಿನ ಕಾಲದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಕೊಂಬೆಯ ತುದಿಯಲ್ಲಿ ಮೂರು ಮೊಗ್ಗುಗಳು ಒಟ್ಟಿಗೆ ಬರುತ್ತವೆ. ನಡುವಿನದು ಬಟಾಣಿಯಷ್ಟಾದಾಗ ಅಕ್ಕಪಕ್ಕದ ಎರಡನ್ನು ಉಗುರಿನಿಂದ ತೆಗೆದರೆ ನಡುವಿನ ಹೂ ಊಟದ ತಟ್ಟೆಯ ಅರ್ಧದಷ್ಟು ಅಗಲ ಅರಳುತ್ತದೆ. ಆದರೆ ಮಳೆ ಹೆಚ್ಚಿರುವ ವರ್ಷ ನಾನು ತೆಗೆಯುವುದಿಲ್ಲ. ದೊಡ್ಡ ಹೂ ನೀರು ಕುಡಿದು, ಭಾರಕ್ಕೆ ಕತ್ತು ಬಾಗಿ, ಒಳಗಿನ ಎಸಳು ಕೊಳೆಯುತ್ತದೆ. ಅಂತಹ ವರ್ಷ ಮೂರು ಸಣ್ಣ ಹೂಗಳೇ ಲೇಸು. ಚೌತಿಯ ಗೌರಿಗೆ ಮುಡಿಸಲು ಸಣ್ಣವೇ ಹೊಂದುತ್ತವೆ. ಹುಬ್ಬೆ ಕಳೆದು ಮಳೆ ಹಿಂದೆಗೆದಾಗ ಎಲೆಗಳ ಮೇಲೆ ಬೂದಿರೋಗ ಕಾಣಿಸುತ್ತದೆ, ಆಗ ಹುಳಿಮಜ್ಜಿಗೆಯನ್ನು ತೆಳ್ಳಗೆ ಮಾಡಿ ಸಿಂಪಡಿಸುತ್ತೇನೆ. ಪೂರ್ತಿ ಹೋಗದಿದ್ದರೂ ಹಬ್ಬುವುದು ನಿಧಾನವಾಗುತ್ತದೆ.

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿಂದ ಮುಂದಿನದು. ಅತ್ತೆಯವರು ತೀರಿಕೊಂಡ ಮರುವರ್ಷ, ಹೂ ಮುಗಿಯಿತೆಂದು ನವರಾತ್ರಿಗೆ ಅಂಗಳ ಚೊಕ್ಕಟ ಮಾಡುವಾಗ ಗಿಡಗಳನ್ನೆಲ್ಲ ಬುಡಕ್ಕೆ ಕಡಿದು ಗೆಡ್ಡೆ ಕಿತ್ತೆ. ಕಿರುಬೆರಳಿನಷ್ಟು ಸಪೂರ ಗೆಡ್ಡೆಗಳು ಬಂದವು. ಡೇರೆಯ ಗೆಡ್ಡೆ ತುಂಬಿಕೊಳ್ಳುವುದು ಹಗಲು ಹನ್ನೆರಡು ಗಂಟೆಗಿಂತ ಕಿರಿದಾಗತೊಡಗಿದ ಮೇಲೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ. ಹೂ ಮುಗಿದು ಹಸಿರೆಲೆ ಮಾತ್ರ ಉಳಿದ ಆ ಗಿಡ ಗೆಡ್ಡೆಗೆ ಊಟ ಇಳಿಸುತ್ತಿರುವ ಹೊತ್ತಿಗೇ ನಾನು ಅದನ್ನು ಕಡಿದಿದ್ದೆ. ಅದು ಸಾಲದೆಂಬಂತೆ ಆ ಸಪೂರ ಗೆಡ್ಡೆಗಳನ್ನು ತೊಳೆದು, ಬಣ್ಣಬಣ್ಣಕ್ಕೆ ಬೇರೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟೆ. ಶಿವರಾತ್ರಿಯ ಹೊತ್ತಿಗೆ ಬಿಚ್ಚಿದಾಗ ಕವರಿನ ಒಳಮೈಯೆಲ್ಲ ನೀರು ಬೆವರಿತ್ತು. ಅಕ್ಷತೆ ಡೇರೆಯ ಕವರಿನಲ್ಲಿ ಕಂದು ಬಣ್ಣದ ಲೋಳೆ ಮಾತ್ರ ಇತ್ತು. ಅದನ್ನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕುಳಿತ ಆ ಮಧ್ಯಾಹ್ನ ನಾನು ಅತ್ತೆಯವರಿಗಾಗಿ ಮತ್ತೊಮ್ಮೆ ಅತ್ತೆ.

ಅದಾದ ಮೇಲೆ ಎರಡು ಮಳೆಗಾಲ ಆ ಹೂ ನಮ್ಮ ಅಂಗಳದಲ್ಲಿ ಇರಲಿಲ್ಲ. ಮೂರನೆಯ ವರ್ಷ ಶೃಂಗೇರಿಯ ಕಡೆಯ ನೆಂಟರ ಮನೆಗೆ ಉಪನಯನಕ್ಕೆ ಹೋಗಿದ್ದಾಗ, ಅವರ ನೆರೆಮನೆಯ ಬಾವಿಕಟ್ಟೆಯ ಹಿಂದೆ, ಮೊಣಕಾಲೆತ್ತರದ ಒಣಗಿದ ಕಾಂಡಕ್ಕೆ ಬಟ್ಟೆಯ ಚೂರು ಕಟ್ಟಿದ್ದು ಕಂಡಿತು. ಬಣ್ಣ ಮರೆಯದಿರಲೆಂದು ಅತ್ತೆಯವರೂ ಹಾಗೆಯೇ ಕಟ್ಟುತ್ತಿದ್ದರು. ಕೆಂಪು ಬಟ್ಟೆಯ ಮೇಲೆ ಬಿಳಿಯ ದಾರದ ಗಂಟು. ಕೇಳಿದಾಗ ಆ ಮನೆಯ ಅಮ್ಮ, "ಇದು ನಿಮ್ಮತ್ತೆ ಕೊಟ್ಟಿದ್ದೇ ಅಲ್ವಾ, ನನ್ನ ಮಗಳ ಮದುವೆ ವರ್ಷ ಕೊಟ್ಟಿದ್ರು" ಎಂದು ಗುದ್ದಲಿ ತಂದರು. ಎರಡು ಗೆಡ್ಡೆಗಳನ್ನು ಬಾಳೆಎಲೆಯಲ್ಲಿ ಸುತ್ತಿ ಕೊಟ್ಟರು. ನಾನು ಮೊದಲು ನೋಡಿದ್ದು ಕುತ್ತಿಗೆಯನ್ನು, ಎರಡಕ್ಕೂ ಇತ್ತು.

ಈಗ ದೀಪಾವಳಿ ಕಳೆದು, ಗಿಡ ತಾನಾಗಿ ಹಳದಿಗೆ ತಿರುಗುವವರೆಗೆ ನಾನು ಮಡಿಯನ್ನು ಮುಟ್ಟುವುದಿಲ್ಲ. ಕಿತ್ತ ಗೊಂಚಲನ್ನು ತೊಳೆಯದೆ, ಒಂದು ವಾರ ನೆರಳಿನಲ್ಲಿ ತಲೆಕೆಳಗಾಗಿ ಇಟ್ಟು, ಪೊಳ್ಳು ಕಾಂಡದೊಳಗಿನ ನೀರು ಇಳಿದ ಮೇಲೆ, ಹೊಳೆಮರಳು ಮತ್ತು ಬೂದಿ ಬೆರೆಸಿ ಮಣ್ಣಿನ ಹಳೆಯ ಮಡಕೆಗಳಲ್ಲಿ ಹೂಳುತ್ತೇನೆ. ಒಲೆಯ ಮೇಲಿನ ಅಟ್ಟ ಬೇಡ, ಗೆಡ್ಡೆ ಸುಕ್ಕುತ್ತದೆ. ಬೀಜದ ಭತ್ತ ಇಡುತ್ತಿದ್ದ ಮೂಲೆಯ ಕೋಣೆ ತಂಪಾಗಿದೆ. ತಿಂಗಳಿಗೊಮ್ಮೆ ಕೈಹಾಕಿ ನೋಡಿ, ಸುಕ್ಕಿದ್ದರೆ ಬೆರಳಿನಿಂದ ನೀರು ಚಿಮುಕಿಸುತ್ತೇನೆ.

ಕ್ಯಾಲೆಂಡರಿನ ಹಿಂದೆ ಅಕ್ಷತೆ ಡೇರೆ ಕೊಟ್ಟ ಮನೆಗಳ ಪಟ್ಟಿ ಬರೆದಿಟ್ಟಿದ್ದೇನೆ. ತೀರ್ಥಹಳ್ಳಿಯಲ್ಲಿ ಎರಡು, ಕೊಪ್ಪದಲ್ಲಿ ಒಂದು, ಸಾಗರದ ನಾದಿನಿಯ ಮನೆ, ನಮ್ಮ ಊರಿನದೇ ಮೂರು. ಬೆಂಗಳೂರಿನಲ್ಲಿರುವ ಮಗಳು ಈ ವರ್ಷ ತನಗೂ ಒಂದು ಬೇಕೆಂದಳು. ಬಾಲ್ಕನಿಯ ಕುಂಡದಲ್ಲಿ ಮರಳು ಹೆಚ್ಚು ಹಾಕಬೇಕು, ಚಿಗುರು ಕಾಣುವವರೆಗೆ ನೀರು ಕೊಡಬಾರದು ಎಂದು ಹೇಳಿ, ಬೂದಿ ಹಚ್ಚಿದ ಗೆಡ್ಡೆಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಟ್ಟೆ. ನಿನ್ನೆ ಸಂಜೆ ಫೋನಿನಲ್ಲಿ ಫೋಟೋ ಕಳಿಸಿದ್ದಾಳೆ. ನಾಲ್ಕನೆಯ ಜೊತೆ ಎಲೆ ಬಂದಿದೆ. ಇವತ್ತು ತುದಿ ಚಿವುಟಲು ಹೇಳಬೇಕು.